ರೆಡ್ ಜಾಕೆಟ್ ಪದಕ ಬಫಲೋ ಮ್ಯೂಸಿಯಂ ಬಿಟ್ಟು ಹೋಗಿದ್ದೇಕೆ?

2021ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಇತಿಹಾಸ ಮ್ಯೂಸಿಯಂ ಒಂದು ಬೆಳ್ಳಿ ಪದಕವನ್ನು ಅಲ್ಲಿನ ಮೂಲನಿವಾಸಿಗಳಾದ ಸೆನೆಕಾ ಜನರಿಗೆ ವಾಪಸ್ ಕೊಟ್ಟಿತು. ನೂರು ವರ್ಷಕ್ಕೂ ಜಾಸ್ತಿ ಕಾಲ ಅದನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದರು. ಹಾಗಿದ್ದೂ ಕೊಡಬೇಕಾಯಿತು ಯಾಕೆ?

ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1792ರಲ್ಲಿ ಸೆನೆಕಾ ಮುಖಂಡ ರೆಡ್ ಜಾಕೆಟ್ ಅವರಿಗೆ ಕೊಟ್ಟ ಪದಕ ಇದು. ರೆಡ್ ಜಾಕೆಟ್ ಮಾತುಗಾರಿಕೆಗೆ ಹೆಸರಾದವರು. ಅವರ ಹೆಸರಾಂತ ಚಿತ್ರಗಳಲ್ಲಿ ಈ ಪದಕ ಎದೆಯ ಮೇಲೇ ಇದೆ. ಸುಮ್ನೆ ಕೊಟ್ಟ ಉಡುಗೊರೆಯಲ್ಲ, ಅಮೆರಿಕ ಮತ್ತು ಸೆನೆಕಾ ಎಂಬ ಎರಡು ರಾಷ್ಟ್ರಗಳ ನಡುವಿನ ಶಾಂತಿಯ ಗುರುತು. 1794ರ ಕ್ಯಾನಂಡೈಗ್ವಾ ಒಪ್ಪಂದದಲ್ಲಿ ಸೆನೆಕಾ ನೆಲ ಸೆನೆಕಾ ಜನರದ್ದೇ ಎಂದು ಅಮೆರಿಕ ಬರೆದುಕೊಟ್ಟಿತು.

ಆ ಮಾತು ಉಳಿಯಲಿಲ್ಲ. ರೆಡ್ ಜಾಕೆಟ್ 1830ರಲ್ಲಿ ಬಫಲೋ ಕ್ರೀಕ್ ಎಂಬ ಸೆನೆಕಾ ನೆಲದಲ್ಲಿ ತೀರಿಕೊಂಡರು. 1838 ಮತ್ತು 1842ರ ಒಪ್ಪಂದಗಳಲ್ಲಿ ಆ ನೆಲವೂ ಹೋಯಿತು. ಬಫಲೋ ನಗರ ಅದರ ಮೇಲೆ ಬೆಳೆಯಿತು.

1862ರಲ್ಲಿ ಊರಿನ ಗಣ್ಯರು ಸೇರಿ ಇತಿಹಾಸ ಸಂಘ ಕಟ್ಟಿದರು. ದೇಶದ ಅಧ್ಯಕ್ಷರಾಗಿದ್ದ ಮಿಲರ್ಡ್ ಫಿಲ್ಮೋರ್ ಅವರೇ ಸಂಘದ ಮೊದಲ ಅಧ್ಯಕ್ಷರು. 1901ರ ವಸ್ತುಪ್ರದರ್ಶನಕ್ಕೆ ಕಟ್ಟಿದ ಅಮೃತಶಿಲೆಯ ಕಟ್ಟಡ ಮುಂದೆ ಈ ಸಂಘದ ಮ್ಯೂಸಿಯಂ ಆಯಿತು. ಇದೇ ಸಂಘ 1884ರಲ್ಲಿ ರೆಡ್ ಜಾಕೆಟ್ ಅವರ ಅಸ್ಥಿಯನ್ನು ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ದೊಡ್ಡ ಸಮಾರಂಭ ಮಾಡಿ ಮತ್ತೆ ಹೂಳಿತ್ತು. ನೆಲ ಕಳೆದುಕೊಂಡವರ ನಾಯಕನಿಗೆ ಆ ನೆಲದಲ್ಲೇ ಬೆಳೆದ ಊರು ಗೌರವ ಸಲ್ಲಿಸಿತು. ಅದರಲ್ಲಿ ಪ್ರೀತಿ ಇರಲಿಲ್ಲ ಎನ್ನಲಾರೆ, ಆದರೆ ಓದುವಾಗ ಸಂಕಟವಾಗುತ್ತದೆ.

ಅಷ್ಟರಲ್ಲಿ ಪದಕ ಈಲಿ ಪಾರ್ಕರ್ ಎಂಬ ಸೆನೆಕಾ ಮುಖಂಡರ ಬಳಿ ಇತ್ತು. ಅಮೆರಿಕದ ಅಂತರ್ಯುದ್ಧದ ಕೊನೆಗೆ, 1865ರಲ್ಲಿ, ದಕ್ಷಿಣದ ಸೇನಾಪತಿ ಜನರಲ್ ಲೀ ಶರಣಾಗತಿಯ ಷರತ್ತುಗಳನ್ನು ಚೆಂದದ ಅಕ್ಷರದಲ್ಲಿ ನಕಲು ಮಾಡಿದವರು ಇವರೇ. 1895ರಲ್ಲಿ ಪಾರ್ಕರ್ ತೀರಿಕೊಂಡ ಮೇಲೆ ಪದಕ ಸಂಘದ ಕೈ ಸೇರಿತು.

ವಿಷಯದ ಗಂಟು ಇರುವುದು ಇಲ್ಲೇ. ಪದಕ ಧರಿಸಿದ್ದು ಒಬ್ಬರು, ಅದು ಸೇರಿದ್ದು ಇಡೀ ಸಮುದಾಯಕ್ಕೆ. ಅಂದಮೇಲೆ ಒಬ್ಬರ ಮನೆಯಿಂದ ಅದು ಬೇರೆಯವರಿಗೆ ಹೋಗುವುದು ಹೇಗೆ, ಅಲ್ವಾ? 1990ರಲ್ಲಿ ಅಮೆರಿಕ ತಂದ ನಾಗ್‌ಪ್ರಾ ಎಂಬ ಕಾನೂನು ಹೇಳುವುದೂ ಇದನ್ನೇ. ಸಮುದಾಯಕ್ಕೆ ಸೇರಿದ ವಸ್ತುವನ್ನು ಒಬ್ಬ ವ್ಯಕ್ತಿ ಪರಭಾರೆ ಮಾಡುವ ಹಾಗಿಲ್ಲ. ಸೆನೆಕಾ ನೇಷನ್, ಅಂದರೆ ಸೆನೆಕಾ ಜನರ ಸ್ವಂತ ಆಡಳಿತ, ಇದರಡಿ ಪದಕ ಕೇಳಿತು, ಮ್ಯೂಸಿಯಂ ಒಪ್ಪಿತು. ಈಗ ಅದು ಸಲಮಾಂಕಾ ಊರಿನಲ್ಲಿರುವ ಸೆನೆಕಾ ಜನರದ್ದೇ ಮ್ಯೂಸಿಯಂ ಸೇರಿದೆ.

ಈ ಕಾನೂನಿನ ಪ್ರಕಾರ ವಸ್ತು ವಾಪಸ್ ಕೊಡಬೇಕಾದವರು ಕೇಂದ್ರ ಸರ್ಕಾರದ ಸಂಸ್ಥೆಗಳು ಮತ್ತು ಅದರ ಹಣ ಪಡೆಯುವ ಮ್ಯೂಸಿಯಂಗಳು ಮಾತ್ರ. ಅಂದು ಪದಕ ಯಾವುದೋ ಖಾಸಗಿ ಸಂಗ್ರಾಹಕರ ಪಾಲಾಗಿದ್ದರೆ, ಸೆನೆಕಾ ಜನ ಇದೇ ದಾರಿಯಲ್ಲಿ ಅದನ್ನು ಕೇಳಿ ಪಡೆಯಲು ಆಗುತ್ತಿರಲಿಲ್ಲ.