ಟರ್ಬೊ ಕಾರಿಗೆ ಮಿನರಲ್ ಆಯಿಲ್ ಹಾಕಿ ಬೇಗ ಬೇಗ ಬದಲಾಯಿಸಿದರೆ ಸಾಕಾ?

ಪ್ರಶ್ನೆ: ನನ್ನದು ಟರ್ಬೊ ಪೆಟ್ರೋಲ್ ಕಾರು. ಸ್ವಲ್ಪ ಜೋರಾಗಿಯೇ ಓಡಿಸುತ್ತೇನೆ, ಅಪರೂಪಕ್ಕೆ ಟ್ರ್ಯಾಕ್‌ಗೂ ಒಯ್ಯುತ್ತೇನೆ. ಸಿಂಥೆಟಿಕ್ ಆಯಿಲ್‌ಗೆ ಕೊಡುವ ದುಡ್ಡಿನಲ್ಲಿ ಮಿನರಲ್ ಆಯಿಲನ್ನು ಎರಡು ಸಲ ಬದಲಾಯಿಸಬಹುದು. ಬೇಗ ಬೇಗ ಬದಲಾಯಿಸುತ್ತಾ ಇದ್ದರೆ ಮಿನರಲ್ ಆಯಿಲೇ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ. ಆಯಿಲ್ ಬೇಗ ಬದಲಾಯಿಸಿದರೆ ಒಳಗೆ ಸೇರಿದ ಕೊಳೆ, ಮಸಿ ಹೊರಗೆ ಹೋಗುತ್ತದೆ. ಅಷ್ಟರ ಮಟ್ಟಿಗೆ ನಿಮ್ಮ ಲೆಕ್ಕ ಸರಿ. ಆದರೆ ಟರ್ಬೊ ಎಂಜಿನ್‌ನಲ್ಲಿ ಆಯಿಲ್‌ಗೆ ನಿಜವಾದ ಪರೀಕ್ಷೆ ಬರುವುದು ಕೆಲವೇ ನಿಮಿಷಗಳ ಹೊತ್ತು. ಆ ನಿಮಿಷಗಳಲ್ಲಿ ಆಯಿಲ್ ಹೊಸದೋ ಹಳೆಯದೋ ಅನ್ನುವುದಕ್ಕಿಂತ ಅದು ಯಾವುದರಿಂದ ಆಗಿದೆ ಅನ್ನುವುದೇ ಮುಖ್ಯ. ನಿನ್ನೆ ತಾನೇ ಹಾಕಿಸಿದ ಮಿನರಲ್ ಆಯಿಲ್ ಕೂಡ ಅಲ್ಲಿ ಸೋಲಬಹುದು.

ಟರ್ಬೊ ಒಳಗೆ ಏನಾಗುತ್ತದೆ ನೋಡಿ. ಒಂದೇ ಶಾಫ್ಟ್, ಅದರ ಎರಡು ತುದಿಗೆ ಎರಡು ಚಕ್ರ. ಒಂದು ಕಡೆಯ ಚಕ್ರಕ್ಕೆ, ಅಂದರೆ ಟರ್ಬೈನ್‌ಗೆ, ಎಂಜಿನ್‌ನಿಂದ ಬರುವ ಹೊಗೆ ಬಡಿಯುತ್ತದೆ. ಆ ಬಲಕ್ಕೆ ಇನ್ನೊಂದು ಚಕ್ರ ತಿರುಗಿ ಎಂಜಿನ್‌ಗೆ ಗಾಳಿ ನೂಕುತ್ತದೆ. ಪೆಟ್ರೋಲ್ ಎಂಜಿನ್ ಜೋರಾಗಿ ದುಡಿಯುವಾಗ ಆ ಹೊಗೆ 900 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಶಾಫ್ಟ್ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು, ಚಿಕ್ಕ ಟರ್ಬೊಗಳಲ್ಲಿ ಅದಕ್ಕಿಂತಲೂ ಜಾಸ್ತಿ ತಿರುಗುತ್ತದೆ. ಹೆಚ್ಚಿನ ಟರ್ಬೊಗಳಲ್ಲಿ ಬಾಲ್ ಬೇರಿಂಗ್ ಕೂಡ ಇರುವುದಿಲ್ಲ. ಕೂದಲಿಗಿಂತ ತೆಳುವಾದ ಆಯಿಲ್ ಪದರದ ಮೇಲೆ ಶಾಫ್ಟ್ ತೇಲುತ್ತಿರುತ್ತದೆ.

ಈಗ ನೀವು ಟ್ರ್ಯಾಕ್‌ನಿಂದ ಬಂದವರೇ ಎಂಜಿನ್ ಆಫ್ ಮಾಡಿದಿರಿ ಅಂದುಕೊಳ್ಳಿ. ಆಯಿಲ್ ಪಂಪ್ ಆ ಕ್ಷಣವೇ ನಿಂತಿತು. ಬಿಸಿ ಮಾತ್ರ ನಿಲ್ಲಲಿಲ್ಲ. ಕೆಂಪಗೆ ಕಾದ ಟರ್ಬೈನ್ ಕಡೆಯಿಂದ ಅದು ನಿಧಾನವಾಗಿ ಬೇರಿಂಗ್ ಕಡೆಗೆ ಇಳಿದು ಬರುತ್ತದೆ. ಅಲ್ಲಿ ಸಿಕ್ಕಿಕೊಂಡ ಒಂದಿಷ್ಟು ಆಯಿಲ್ ಹರಿದು ಹೋಗಲಾಗದೆ ಅಲ್ಲೇ ಬೆಂದು ಕರಿಯಾಗಿ ಗಟ್ಟಿಯಾಗುತ್ತದೆ. ಇದಕ್ಕೆ ಕೋಕಿಂಗ್ ಅನ್ನುತ್ತಾರೆ. ಒಂದು ಸಲಕ್ಕೆ ಏನೂ ಗೊತ್ತಾಗುವುದಿಲ್ಲ. ಪದರ ಮೇಲೆ ಪದರ ಕೂತು ಆಯಿಲ್ ಬರುವ ಸಣ್ಣ ದಾರಿ ಕಟ್ಟಿದಾಗ ಮಾತ್ರ ಟರ್ಬೊ ಕೂಗಲು, ಹೊಗೆ ಬಿಡಲು ಶುರು ಮಾಡುತ್ತದೆ. ಆಯಿಲ್ ಬದಲಾಯಿಸಿದರೆ ಈ ಗಟ್ಟಿ ಮಸಿ ಅದರ ಜೊತೆ ಇಳಿದು ಹೋಗುವುದಿಲ್ಲ. ನಿಮ್ಮ ಲೆಕ್ಕ ತಪ್ಪುವುದು ಇಲ್ಲೇ. ಈಗಿನ ಟರ್ಬೊಗಳಿಗೆ ಕೂಲೆಂಟ್ ಹರಿಸಿ ಈ ತೊಂದರೆಯನ್ನು ಬಹಳ ಕಡಿಮೆ ಮಾಡಿದ್ದಾರೆ, ಆದರೆ ಪೂರ್ತಿ ಹೋಗಿಲ್ಲ. ಅದಕ್ಕೇ ಜೋರಾಗಿ ಓಡಿಸಿದ ಮೇಲೆ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಬಂದು ನಿಲ್ಲಿಸಿ. ಯಾವ ಆಯಿಲ್ ಹಾಕಿದ್ದರೂ ಈ ಅಭ್ಯಾಸ ಬಿಡಬೇಡಿ.

ಎರಡೂ ಆಯಿಲ್ ನೋಡಲು ಒಂದೇ ಥರ ಇರುತ್ತವೆ. ವ್ಯತ್ಯಾಸ ಅಣುಗಳಲ್ಲಿ. ಮಿನರಲ್ ಆಯಿಲ್ ಕಚ್ಚಾ ತೈಲವನ್ನು ಶುದ್ಧ ಮಾಡಿ ತೆಗೆದದ್ದು. ಎಷ್ಟೇ ಶುದ್ಧ ಮಾಡಿದರೂ ಅದು ಜಲ್ಲಿ, ಮರಳು, ಪುಡಿ ಎಲ್ಲ ಸೇರಿದ ರಾಶಿಯ ಹಾಗೆ: ಚಿಕ್ಕ, ದೊಡ್ಡ, ನಾನಾ ಆಕಾರದ ಅಣುಗಳು ಬೆರೆತಿರುತ್ತವೆ. ಚಿಕ್ಕವು ಬಿಸಿಗೆ ಆವಿಯಾಗುತ್ತವೆ. ಮೇಣದಂಥವು ಚಳಿಗೆ ಹೆಪ್ಪುಗಟ್ಟುತ್ತವೆ. ಇನ್ನು ಕೆಲವು ಆಮ್ಲಜನಕದ ಜೊತೆ ಬೇಗ ಸೇರಿ ಆಯಿಲನ್ನು ಮಂದ ಮಾಡುತ್ತವೆ. ಬಿಸಿ ಹತ್ತು ಡಿಗ್ರಿ ಏರಿದರೆ ಈ ಕೆಡುವ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಪಾಲಿ ಆಲ್ಫಾ ಓಲಿಫಿನ್, ಅಂದರೆ ಪಿಎಒ ಅನ್ನುವ ಸಿಂಥೆಟಿಕ್ ಆಯಿಲನ್ನು ಚಿಕ್ಕ ಅಣುಗಳನ್ನು ಜೋಡಿಸಿ ಬೇಕಾದ ಅಳತೆಗೆ ಕಟ್ಟುತ್ತಾರೆ. ಅಣುಗಳು ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಅದು ಬಿಸಿ, ಚಳಿ ಎರಡನ್ನೂ ಚೆನ್ನಾಗಿ ತಡೆಯುತ್ತದೆ.

ಆವಿಯಾಗುವುದನ್ನು ಅಳೆಯಲು ನೋಕ್ ಅನ್ನುವ ಪರೀಕ್ಷೆ ಇದೆ. ಆಯಿಲನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಎಷ್ಟು ತೂಕ ಕಳೆಯಿತು ಅಂತ ನೋಡುತ್ತಾರೆ. ಯುರೋಪಿನ ಕಾರು ತಯಾರಕರ ಸಂಘವಾದ ಎಸಿಇಎ ಮಾಡಿದ ಎ3/ಬಿ4 ದರ್ಜೆಯಲ್ಲಿ ಶೇ 13ಕ್ಕಿಂತ ಜಾಸ್ತಿ ಕಳೆಯುವ ಹಾಗಿಲ್ಲ. ಹೀಗೆ ಆವಿಯಾದದ್ದು ಎಲ್ಲೋ ಮಾಯವಾಗುವುದಿಲ್ಲ. ಗಾಳಿ ಎಳೆಯುವ ದಾರಿಗೇ ಬಂದು ಇನ್‌ಟೇಕ್ ವಾಲ್ವ್ ಮೇಲೆ ಕೂರುತ್ತದೆ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರ್‌ಗೆ ಹೋಗುವುದರಿಂದ ಆ ವಾಲ್ವ್‌ಗಳನ್ನು ತೊಳೆಯುವವರೇ ಇಲ್ಲ.

ಇನ್ನು 5ಡಬ್ಲ್ಯು-30, 0ಡಬ್ಲ್ಯು-40 ಅನ್ನುವ ಗ್ರೇಡ್. ಮೊದಲ ಅಂಕಿ ಚಳಿಯಲ್ಲಿ ಹರಿಯುವ ಗುಣದ್ದು. ಕ್ರ್ಯಾಂಕ್ ತಿರುಗಿಸುವ ಪರೀಕ್ಷೆಯನ್ನು 15ಡಬ್ಲ್ಯು ಆಯಿಲ್ ಮೈನಸ್ 20 ಡಿಗ್ರಿಯಲ್ಲಿ ಪಾಸಾಗಬೇಕು, 0ಡಬ್ಲ್ಯು ಆಯಿಲ್ ಮೈನಸ್ 35ರಲ್ಲಿ. ‘ಅಷ್ಟು ಚಳಿ ನಮ್ಮಲ್ಲಿ ಎಲ್ಲಿದೆ’ ಅಂತ ತುಂಬ ಜನ ಕೇಳುತ್ತಾರೆ. ಚಳಿ ಇಲ್ಲದ ಕಡೆಯೂ ರಾತ್ರಿಯಿಡೀ ನಿಂತ ಎಂಜಿನ್‌ನಲ್ಲಿ ಆಯಿಲ್ ಬಿಸಿಯಾದಾಗಿನದಕ್ಕಿಂತ ಎಷ್ಟೋ ಪಟ್ಟು ಮಂದವಾಗಿಯೇ ಇರುತ್ತದೆ. ಬೇಗ ಹರಿಯುವ ಆಯಿಲ್ ಎಂಜಿನ್ ತಳದ ಸಂಪ್‌ನಿಂದ ವಾಲ್ವ್ ತೆರೆಯುವ ಮೇಲಿನ ಕ್ಯಾಮ್‌ಶಾಫ್ಟ್‌ಗೆ ಮೊದಲು ಮುಟ್ಟುತ್ತದೆ.

ಎರಡನೆಯ ಅಂಕಿ ಬಿಸಿಯಾದಾಗಿನ ಮಂದಕ್ಕೆ ಸಂಬಂಧಿಸಿದ್ದು. ಎರಡು ಅಂಕಿಗಳ ನಡುವೆ ಅಂತರ ಜಾಸ್ತಿಯಾದಷ್ಟೂ ಸಾದಾ ಮಿನರಲ್ ಆಯಿಲ್‌ಗೆ ಅದನ್ನು ಮುಟ್ಟುವುದು ಕಷ್ಟ. ಅದಕ್ಕಾಗಿ ಉದ್ದುದ್ದ ಪಾಲಿಮರ್ ಬೆರೆಸುತ್ತಾರೆ. ಬಿಸಿಯಾದಾಗ ಪಾಲಿಮರ್ ಬಿಚ್ಚಿಕೊಂಡು ಆಯಿಲ್ ತೀರಾ ತೆಳುವಾಗದ ಹಾಗೆ ನೋಡಿಕೊಳ್ಳುತ್ತದೆ. ಆದರೆ ಗೇರ್, ಬೇರಿಂಗ್, ಚೈನ್‌ಗಳ ನಡುವೆ ಸಿಕ್ಕಿ ಅದು ತುಂಡಾಗುತ್ತದೆ. ಆಗ 40 ಅಂತ ಹಾಕಿದ ಆಯಿಲ್ ಒಳಗೊಳಗೇ 30ರ ಹತ್ತಿರ ಇಳಿಯಬಹುದು. ಒಳ್ಳೆಯ ಸಿಂಥೆಟಿಕ್‌ಗೆ ಪಾಲಿಮರ್ ಕಡಿಮೆ ಸಾಕು, ಹಾಗಾಗಿ ಇಳಿತವೂ ಕಡಿಮೆ.

ಜೋರಾಗಿ ಓಡಿಸುವವರು ನೋಡಬೇಕಾದ ಇನ್ನೊಂದು ಅಳತೆ ಎಚ್‌ಟಿಎಚ್‌ಎಸ್. 150 ಡಿಗ್ರಿ ಬಿಸಿಯಲ್ಲಿ, ಬೇರಿಂಗ್ ಒಳಗಿನಂಥ ಒತ್ತಾಟದಲ್ಲಿ ಆಯಿಲ್ ಎಷ್ಟು ಮಂದ ಉಳಿಯುತ್ತದೆ ಅನ್ನುವ ಲೆಕ್ಕ ಅದು. 30 ಗ್ರೇಡ್‌ಗೆ ಕನಿಷ್ಠ 2.9 ಇದ್ದರೆ ಸಾಕು. ಎಸಿಇಎ ಎ3/ಬಿ4 ಅಂತ ಬರೆದಿದ್ದರೆ ಕನಿಷ್ಠ 3.5 ಇರಲೇಬೇಕು. ಅಂದರೆ ಎರಡು 5ಡಬ್ಲ್ಯು-30 ಡಬ್ಬಿಗಳು ಒಂದೇ ಅಲ್ಲ. ನನ್ನ ಮಟ್ಟಿಗೆ ಮಿನರಲ್ ಅಥವಾ ಸಿಂಥೆಟಿಕ್ ಅನ್ನುವ ಪದಕ್ಕಿಂತ ಈ ಅಂಕಿಗೆ ಬೆಲೆ ಜಾಸ್ತಿ.

ಯಾಕಂದರೆ ‘ಸಿಂಥೆಟಿಕ್’ ಅನ್ನುವ ಪದವೇ ಸಡಿಲವಾಗಿದೆ. ಮೂಲ ಆಯಿಲ್‌ಗಳನ್ನು ಐದು ಗುಂಪು ಮಾಡಿದ್ದಾರೆ. ಒಂದು, ಎರಡು ಮಿನರಲ್. ನಾಲ್ಕು ಪಿಎಒ. ಐದರಲ್ಲಿ ಎಸ್ಟರ್ ಮುಂತಾದವು. ನಡುವಿನ ಮೂರನೆಯ ಗುಂಪು ಕಚ್ಚಾ ತೈಲದಿಂದಲೇ ಬಂದದ್ದು, ಆದರೆ ಹೈಡ್ರೋಜನ್ ಒತ್ತಡದಲ್ಲಿ ಅಣುಗಳನ್ನು ಒಡೆದು ಹೊಸ ರೂಪ ಕೊಟ್ಟದ್ದು. ಇದನ್ನು ಸಿಂಥೆಟಿಕ್ ಅಂತ ಮಾರಬಹುದಾ ಅಂತ ಅಮೆರಿಕದಲ್ಲಿ ಮೊಬಿಲ್ ಕಂಪನಿ ಕ್ಯಾಸ್ಟ್ರಾಲ್ ಮೇಲೆ ದೂರು ಕೊಟ್ಟಿತ್ತು. ಮಾರಬಹುದು ಅಂತ 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ ಹೇಳಿತು. ಅಲ್ಲಿಂದೀಚೆಗೆ ‘ಫುಲ್ ಸಿಂಥೆಟಿಕ್’ ಅನ್ನುವ ಎಷ್ಟೋ ಡಬ್ಬಿಗಳ ಒಳಗಿರುವುದು ಮೂರನೆಯ ಗುಂಪೇ. ಇದರಲ್ಲಿ ಮೋಸ ಹೋದೆವು ಅಂತ ಬೇಸರ ಪಡಬೇಕಿಲ್ಲ, ಚೆನ್ನಾಗಿ ಮಾಡಿದ ಮೂರನೆಯ ಗುಂಪಿನ ಆಯಿಲ್ ಒಳ್ಳೆಯದೇ. ‘ಸೆಮಿ ಸಿಂಥೆಟಿಕ್’ ಬಗ್ಗೆ ಮಾತ್ರ ಹುಷಾರು. ಮಿನರಲ್, ಸಿಂಥೆಟಿಕ್ ಎರಡನ್ನೂ ಯಾವ ಪ್ರಮಾಣದಲ್ಲಿ ಬೆರೆಸಬೇಕು ಅನ್ನುವ ಒಪ್ಪಿತ ನಿಯಮ ಇಲ್ಲ.

ಹಾಗಾದರೆ ಏನು ನೋಡಿ ಕೊಳ್ಳಬೇಕು? ಡಬ್ಬಿ ತಿರುಗಿಸಿ ಹಿಂಬದಿ ಓದಿ. ಸಣ್ಣ ಅಕ್ಷರದಲ್ಲಿ ಕಾರು ಕಂಪನಿಗಳ ಕೋಡ್ ಇರುತ್ತದೆ: ಪೋರ್ಷೆ ಎ40, ಬಿಎಂಡಬ್ಲ್ಯು ಲಾಂಗ್‌ಲೈಫ್-01, ಮರ್ಸಿಡಿಸ್ 229.5, ಫೋಕ್ಸ್‌ವ್ಯಾಗನ್ 504 00, ಹೀಗೆ. ಇವನ್ನು ಪಡೆಯಲು ಆಯಿಲ್ ಆ ಕಂಪನಿ ಹೇಳಿದ ಪರೀಕ್ಷೆಗಳಲ್ಲಿ ಪಾಸಾಗಬೇಕು. ಇಂಥ ಕೋಡ್‌ಗಳನ್ನು ಸಾದಾ ಮಿನರಲ್ ಆಯಿಲ್ ಮುಟ್ಟುವುದೇ ಇಲ್ಲ. ನಿಮ್ಮ ಕಾರಿನ ಪುಸ್ತಕದಲ್ಲಿ ಅಂಥ ಕೋಡ್ ಇದ್ದರೆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಒಂದು ಮಾತು ನೆನಪಿರಲಿ: ‘ಅಪ್ರೂವ್ಡ್’ ಅಂತ ಬರೆದರೆ ಕಾರು ಕಂಪನಿ ಒಪ್ಪಿದೆ ಅಂತ. ‘ಈ ಕಾರುಗಳಿಗೆ ಸೂಕ್ತ’ ಅಂತ ಬರೆದರೆ ಅದು ಆಯಿಲ್ ಮಾಡಿದವರ ಸ್ವಂತ ಮಾತು.

ಚಿಕ್ಕ ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಆಗಿದ್ದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಡುವ ಎಸ್‌ಪಿ ಅಥವಾ ಅದರ ನಂತರದ ದರ್ಜೆ ಇದೆಯಾ ನೋಡಿ. ಕಡಿಮೆ ಆರ್‌ಪಿಎಂನಲ್ಲಿ ಒಮ್ಮೆಗೇ ಆಕ್ಸಿಲರೇಟರ್ ತುಳಿದರೆ ಸ್ಪಾರ್ಕ್ ಬರುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಕಾಟ ಈ ಎಂಜಿನ್‌ಗಳಿಗೆ ಇದೆ. ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ ಡಿಟರ್ಜೆಂಟ್ ಇದನ್ನು ಹೆಚ್ಚಿಸುತ್ತದೆ ಅಂತ ಕಂಡುಬಂತು. ಹಾಗಾಗಿ 2020ರಲ್ಲಿ ಬಂದ ಎಸ್‌ಪಿ ದರ್ಜೆಯಲ್ಲಿ ಇದಕ್ಕೇ ಪರೀಕ್ಷೆ ಇಟ್ಟಿದ್ದಾರೆ.

ಮಂದ ಆಯಿಲ್ ಹಾಕಿದರೆ ಇನ್ನೂ ಒಳ್ಳೆಯದು ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಬಿಎಂಡಬ್ಲ್ಯು ತನ್ನ ಇ46 ಎಂ3, ಇ60 ಎಂ5 ಕಾರುಗಳಿಗೆ 10ಡಬ್ಲ್ಯು-60 ಹೇಳಿದ್ದು ಆ ಎಂಜಿನ್‌ಗಳನ್ನು ನೋಡಿಯೇ. 0ಡಬ್ಲ್ಯು-20ಕ್ಕೆ ಅಂತ ಮಾಡಿದ ಎಂಜಿನ್‌ಗೆ ಅದನ್ನು ಸುರಿದರೆ ಆಯಿಲ್ ಹೋಗಬೇಕಾದ ಕಡೆ ತಡವಾಗಿ ಹೋಗುತ್ತದೆ.

ಮಿನರಲ್ ಆಯಿಲ್‌ಗೆ ಜಾಗವೇ ಇಲ್ಲ ಅಂತಲ್ಲ. ಹೊಸದಾಗಿ ಬಿಚ್ಚಿ ಕಟ್ಟಿದ ಎಂಜಿನ್‌ಗೆ ಪಿಸ್ಟನ್ ರಿಂಗ್ ಚೆನ್ನಾಗಿ ಕೂರಲಿ ಅಂತ ಮೊದಲ ಕೆಲವು ನೂರು ಕಿಲೋಮೀಟರ್ ಮಿನರಲ್ ಹಾಕುವ ಮೆಕ್ಯಾನಿಕ್‌ಗಳು ತುಂಬ ಜನ ಇದ್ದಾರೆ, ಆ ಕ್ರಮ ಸರಿಯಾಗಿಯೇ ಇದೆ. ಕಾರ್ಬ್ಯುರೇಟರ್ ಕಾಲದ ಹಳೆಯ ಸ್ಪೋರ್ಟ್ಸ್ ಕಾರುಗಳಿಗೂ ಅದು ಸಾಕಾಗಬಹುದು. ಅಂಥ ಎಂಜಿನ್‌ಗಳ ಕ್ಯಾಮ್ ಉಳಿಯಲು ಸತು, ರಂಜಕ ಇರುವ ಝಡ್‌ಡಿಡಿಪಿ ಅನ್ನುವ ಸವೆತ ತಡೆಯುವ ರಾಸಾಯನಿಕ ಆಯಿಲ್‌ನಲ್ಲಿ ಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಕೆಡದಿರಲಿ ಅಂತ ಈಗಿನ 30 ಗ್ರೇಡ್ ಆಯಿಲ್‌ಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ಅಲ್ಲಿ ನೋಡಬೇಕಾದ್ದು ಝಡ್‌ಡಿಡಿಪಿ ಪ್ರಮಾಣ. ಹೊಸ ಕಾರಿಗೆ ಸಿಂಥೆಟಿಕ್ ಹಾಕಿದರೆ ರಿಂಗ್ ಕೂರುವುದಿಲ್ಲ ಅನ್ನುವ ಹೆದರಿಕೆ ಮಾತ್ರ ಬೇಡ. ಶೆವರ್ಲೆ ಕಾರ್ವೆಟ್ 1992ರಿಂದಲೇ ಫ್ಯಾಕ್ಟರಿಯಲ್ಲಿ ಸಿಂಥೆಟಿಕ್ ತುಂಬಿಸಿಕೊಂಡು ಹೊರಬರುತ್ತಿದೆ.

ಇಷ್ಟು ದಿನ ಮಿನರಲ್ ಹಾಕಿದ್ದೀರಿ ಅಂದರೂ ಮುಂದಿನ ಸಲ ನೇರ ಸಿಂಥೆಟಿಕ್ ಹಾಕಿಸಬಹುದು. ಎರಡೂ ಬೆರೆಯುತ್ತವೆ, ಒಳಗೆ ಉಳಿದ ಸ್ವಲ್ಪ ಹಳೆಯ ಆಯಿಲ್‌ನಿಂದ ತೊಂದರೆ ಇಲ್ಲ. ಫಿಲ್ಟರ್ ಮಾತ್ರ ಜೊತೆಗೇ ಬದಲಾಯಿಸಿ. ಸಿಂಥೆಟಿಕ್ ಹಾಕಿದೆ ಅಂತ ಬದಲಾಯಿಸುವ ಅವಧಿಯನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಎಳೆಯಬೇಡಿ. ಟ್ರ್ಯಾಕ್‌ನಲ್ಲಿ ಆಯಿಲ್ ಬಿಸಿ 130 ಡಿಗ್ರಿ ದಾಟುವುದುಂಟು, ಜೊತೆಗೆ ಸುಡದ ಪೆಟ್ರೋಲ್ ಇಳಿದು ಅದನ್ನು ತೆಳು ಮಾಡುತ್ತದೆ. ಟ್ರ್ಯಾಕ್‌ಗೆ ಹೋಗುವ ಮುಂಚೆ, ಬಂದ ಮೇಲೆ ಡಿಪ್‌ಸ್ಟಿಕ್ ನೋಡಿ. ಆಯಿಲ್ ಮಟ್ಟ ಇಳಿದಿದ್ದರೆ ಅದೇ ಕೋಡ್‌ನ ಆಯಿಲ್ ಸೇರಿಸಿ. ಏರಿದ್ದು ಕಂಡರೆ, ಪೆಟ್ರೋಲ್ ವಾಸನೆ ಬಂದರೆ ಕಿಲೋಮೀಟರ್ ಲೆಕ್ಕ ನೋಡದೆ ಆಗಲೇ ಬದಲಾಯಿಸಿ.