ಎಣ್ಣೆ ಹಚ್ಚಿ, ಪ್ಲಾಸ್ಟಿಕ್ ಮುಚ್ಚಿದರೂ ಲೇತಿಗೆ ತುಕ್ಕು ಯಾಕೆ?

ಪ್ರಶ್ನೆ: ಮಂಡ್ಯದ ಹತ್ತಿರ ನಾಲೆ ಪಕ್ಕದಲ್ಲೇ ನಮ್ಮ ಮನೆ. ಹಿತ್ತಲಿನ ಶೀಟ್ ಶೆಡ್ಡಿನಲ್ಲಿ ಒಂದು ಹಳೇ ಲೇತ್ (ಕಬ್ಬಿಣ ಕಡೆಯುವ ಯಂತ್ರ) ಇಟ್ಟುಕೊಂಡಿದ್ದೇನೆ. ಶೆಡ್ ಸೋರುವುದಿಲ್ಲ. ರಾತ್ರಿ ಎಣ್ಣೆ ಹಚ್ಚಿ, ಪ್ಲಾಸ್ಟಿಕ್ ಶೀಟ್ ಮುಚ್ಚಿಯೇ ಮಲಗುತ್ತೇನೆ. ಆದರೂ ವಾರ ಕಳೆಯುವಷ್ಟರಲ್ಲಿ ಬೆಡ್ (ಲೇತಿನ ಉದ್ದನೆಯ ಕೆಳಹಾಸು) ಮೇಲೆ ಕಂದು ಚುಕ್ಕಿ. ಎಣ್ಣೆ ಬದಲಾಯಿಸಬೇಕಾ?

ಉತ್ತರ: ಎಣ್ಣೆ ವಿಷಯ ಆಮೇಲೆ. ಮೊದಲು ಆ ಪ್ಲಾಸ್ಟಿಕ್ ತೆಗೆದುಬಿಡಿ.

ಫ್ರಿಜ್ಜಿನಿಂದ ತೆಗೆದಿಟ್ಟ ನೀರಿನ ಚೊಂಬು ಹೊರಗೆಲ್ಲ ಬೆವರುತ್ತದೆ, ಅಲ್ವಾ? ಲೇತ್ ಬೆವರುವುದೂ ಹಾಗೇ. ನೂರಾರು ಕಿಲೋ ಬೀಡು ಕಬ್ಬಿಣ ರಾತ್ರಿಯೆಲ್ಲ ತಣ್ಣಗಾಗಿರುತ್ತದೆ. ಬೆಳಿಗ್ಗೆ ಬಿಸಿಲೇರಿದರೂ ಅದು ಬೇಗ ಬೆಚ್ಚಗಾಗುವುದಿಲ್ಲ. ಅಷ್ಟರಲ್ಲಿ ನೀವು ಶಟರ್ ಎತ್ತುತ್ತೀರಿ. ಗದ್ದೆ, ನಾಲೆ ಮೇಲಿಂದ ಬಂದ ಹಸಿ ಗಾಳಿ ಒಳಗೆ ನುಗ್ಗುತ್ತದೆ. ಗಾಳಿ 25 ಡಿಗ್ರಿ, ತೇವಾಂಶ ಶೇ 80 ಇದ್ದರೆ, ಸುಮಾರು 21 ಡಿಗ್ರಿಗಿಂತ ತಣ್ಣಗಿರುವ ಯಾವುದೇ ವಸ್ತುವಿನ ಮೇಲೂ ಇಬ್ಬನಿ ಕೂರುತ್ತದೆ. ಕಣ್ಣಿಗೆ ಕಾಣುವಷ್ಟು ನೀರೇ ಬೇಕಂತಿಲ್ಲ, ತೆಳ್ಳನೆಯ ಪಸೆ ಸಾಕು.

ಪ್ಲಾಸ್ಟಿಕ್ ಇದನ್ನು ಇನ್ನೂ ಕೆಡಿಸುತ್ತದೆ. ನೆಲದಿಂದ ಏಳುವ ತೇವ ಅದರ ಕೆಳಗೇ ಸಿಕ್ಕಿಕೊಳ್ಳುತ್ತದೆ, ಹೋಗಲು ದಾರಿಯಿಲ್ಲ. ಹಳೇ ಕಾಟನ್ ಬೆಡ್‌ಶೀಟೋ ಪಂಚೆಯೋ ಹೊದಿಸಿ, ಸಾಕು. ಅದು ಹಸಿಯಾಗಿದ್ದರೆ ಮಾತ್ರ ಒಣಗಿಸಿ ಹಾಕಿ. ಲೇತಿನ ಕೆಳಗೆ, ಟ್ರೇ ಹತ್ತಿರ, ತಂತಿ ಬಲೆಯೊಳಗೆ ಹಳೇ ಕಾಲದ 60 ವ್ಯಾಟಿನ ಬಲ್ಬ್ ರಾತ್ರಿ ಉರಿಸಿ. ಕಬ್ಬಿಣ ಗಾಳಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ ಇಬ್ಬನಿ ಕೂರುವುದೇ ಇಲ್ಲ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು, ಅದಕ್ಕೆ ಅಷ್ಟು ಕಾವಿಲ್ಲ. ಹೊದಿಸಿದ ಬಟ್ಟೆಯಾಗಲಿ ಎಣ್ಣೆ ಒರೆಸಿದ ಚಿಂದಿಯಾಗಲಿ ಬಲ್ಬಿಗೆ ತಾಗದ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ ತುಕ್ಕಿನ ಚಿಂತೆ ಹೋಗಿ ಬೆಂಕಿಯ ಚಿಂತೆ ಬರುತ್ತದೆ.

ಇನ್ನೊಂದು, ತಲೆ ಎತ್ತಿ ನೋಡಿ. ಚಳಿಗಾಲದ ಬೆಳಿಗ್ಗೆ ಶೀಟಿನ ಒಳಮೈಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕುತ್ತದೆ. ಸೋರದ ಶೆಡ್ಡಿನಲ್ಲೂ ಒಳಗೇ ಮಳೆ! ಲೇತಿನ ಮೇಲ್ಭಾಗಕ್ಕಾದರೂ ಸಿಮೆಂಟ್ ಬೋರ್ಡಿನ ಅಡ್ಡ ಛಾವಣಿ ಹಾಕಿಸಿ. ಥರ್ಮಾಕೋಲ್ ಬೇಡ, ಕಬ್ಬಿಣ ಉಜ್ಜುವ ಗ್ರೈಂಡರ್ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಈಗ ನನ್ನದೇ ದಡ್ಡತನ ಹೇಳುತ್ತೇನೆ. ಮೈಸೂರಿಗೆ ಮನೆ ಬದಲಾಯಿಸಿದ ಹೊಸತರಲ್ಲಿ, ಬೆಸುಗೆಗೆ ಮುಂಚೆ ತಗಡು ತೊಳೆಯಲೆಂದು ಟಾಯ್ಲೆಟ್ ಆಸಿಡ್ ಬಾಟಲಿ ತಂದು ಶೆಡ್ಡಿನ ಮೂಲೆಯಲ್ಲಿಟ್ಟಿದ್ದೆ. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ನಾಲ್ಕೇ ದಿನ. ಡ್ರಿಲ್ ಬಿಟ್, ಅಳತೆಯ ವರ್ನಿಯರ್, ಲೇತಿನಲ್ಲಿ ಕೆಲಸದ ತುಂಡನ್ನು ಹಿಡಿದು ತಿರುಗಿಸುವ ಚಕ್ಕಿನ ದವಡೆ, ಎಲ್ಲ ಕೆಂಪು. ಬಾಟಲಿ ಇದ್ದದ್ದು ಮಾರು ದೂರದಲ್ಲಿ! ಆ ಹಬೆ ಗಾಳಿಯಲ್ಲೇ ಹರಡಿ ಕಬ್ಬಿಣ ತಿನ್ನುತ್ತದೆ. ಬ್ಲೀಚಿಂಗ್ ಪುಡಿಯೂ ಅದೇ ಜಾತಿ. ಎರಡಕ್ಕೂ ಶೆಡ್ಡಿನಲ್ಲಿ ಜಾಗವಿಲ್ಲ. ಒಂದೇ ಕಡೆ ಅಂತೂ ಎಲ್ಲೂ ಇಡಬೇಡಿ, ಬೆರೆತರೆ ವಿಷಗಾಳಿ ಹುಟ್ಟುತ್ತದೆ.

ಆಂಗಲ್ ಗ್ರೈಂಡರ್ ಕೆಲಸವನ್ನು ಶೆಡ್ಡಿನ ಹೊರಗೆ ಮಾಡಿ. ಆ ಸಣ್ಣ ಕಬ್ಬಿಣದ ಪುಡಿ ಬೆಡ್ ಮೇಲೆ ಕೂತು, ತೇವ ಹೀರಿ, ಬೆಳಗಾಗುವಷ್ಟರಲ್ಲಿ ತಾನೇ ತುಕ್ಕಾಗಿರುತ್ತದೆ. ನೀವು ನೋಡಿದ ಚುಕ್ಕಿಗಳಲ್ಲಿ ಅರ್ಧ ಅದೇ ಇರಬಹುದು. ಲೇತ್ ಕಡೆದಾಗ ಉದುರುವ ಕಬ್ಬಿಣದ ಚೂರನ್ನು ಏರ್ ಹೊಡೆದು ಹಾರಿಸಬೇಡಿ. ಕಣ್ಣಿಗೆ ಬೀಳುತ್ತದೆ, ಇಲ್ಲವೇ ಸಂದಿಗೆ ಸೇರುತ್ತದೆ. ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಆಡಿಸಿ, ಆಮೇಲೆ ಕವರನ್ನು ಒಳಹೊರಗು ಮಾಡಿ ಅಯಸ್ಕಾಂತ ಹೊರಗೆಳೆಯಿರಿ. ಪುಡಿಯೆಲ್ಲ ಕವರಿನೊಳಗೇ ಉಳಿಯುತ್ತದೆ. ಉದ್ದ ಸುರುಳಿಗಳಿಗೆ ಕೊಕ್ಕೆ ಬಳಸಿ, ಅದೂ ಮಷೀನ್ ನಿಲ್ಲಿಸಿದ ಮೇಲೆ. ತಿರುಗುವ ಚಕ್ಕಿನ ಹತ್ತಿರ ಗ್ಲೌಸ್, ಒರೆಸುವ ಬನಿಯನ್ ಚಿಂದಿ, ಕೈಗೆ ಕಟ್ಟಿದ ದಾರ ಯಾವುದೂ ಬೇಡ. ಬಟ್ಟೆಯನ್ನು ಎಳೆದುಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಎಣ್ಣೆ? ನೀವು ಯಾವುದು ಹಚ್ಚುತ್ತೀರೋ ಬರೆದಿಲ್ಲ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಆಗಿದ್ದರೆ ನಿಲ್ಲಿಸಿ, ದಿನ ಕಳೆದಂತೆ ಜಿಗುಟಾಗಿ ಧೂಳು ಹಿಡಿಯುತ್ತದೆ. ತುಕ್ಕು ಬಿಡಿಸುವ ತೆಳು ಸ್ಪ್ರೇಗಳೂ ಜಾಸ್ತಿ ದಿನ ನಿಲ್ಲವು. ಸ್ಲೈಡ್‌ವೇ ಆಯಿಲ್ 68 (ಮಷೀನಿನ ಜಾರುವ ಭಾಗಗಳಿಗೆಂದೇ ಇರುವ ಎಣ್ಣೆ, 68 ಅದರ ದಪ್ಪದ ದರ್ಜೆ) ಬೆಡ್ಡಿಗೆ ಚೆನ್ನ, ತೆಳ್ಳಗೆ ಹಚ್ಚಿ. ಆದರೆ ಮೊದಲು ಒಣಗಿಸಿ ಒರೆಸಿ. ಪಸೆಯ ಮೇಲೆ ಎಣ್ಣೆ ಹಚ್ಚಿದರೆ ನೀರನ್ನು ಮುಚ್ಚಿಟ್ಟ ಹಾಗೆ. ಬೆವರುಗೈ ಮುಟ್ಟಿದಲ್ಲೆಲ್ಲ ಉಪ್ಪು ಉಳಿಯುತ್ತದೆ, ಬೆರಳ ಗುರುತಿನ ಆಕಾರದಲ್ಲೇ ತುಕ್ಕು ಬರುವುದು ಅದಕ್ಕೆ.

ಈಗಿರುವ ಚುಕ್ಕಿಗಳನ್ನು ಸೀಮೆಎಣ್ಣೆ ಹಾಕಿ, ಹಿತ್ತಾಳೆ ಪಟ್ಟಿಯ ಅಂಚಿನಿಂದ ಕೆರೆಯಿರಿ. ಎಮರಿ ಪೇಪರ್ ಬೇಡ. ಅದರಿಂದ ಉದುರುವ ಹರಳು, ಬೆಡ್ ಮೇಲೆ ಜಾರುವ ಸ್ಯಾಡಲ್ ಭಾಗದ ಕೆಳಗೆ ಸೇರಿ ಬೆಡ್ ತೇಯುತ್ತದೆ.

ಹಾಂ, ಆಯುಧಪೂಜೆ. ನಮ್ಮಲ್ಲಿ ಅಕ್ಟೋಬರ್ ಅಂದರೆ ಒಳ್ಳೆ ಮಳೆಯ ತಿಂಗಳು. ಅದೇ ಹೊತ್ತಿಗೆ ನಾವು ಲೇತಿಗೆ ನೀರು ಹಾಕಿ ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಕುಯ್ದಿಟ್ಟು, ಮೂರು ದಿನ ಮುಟ್ಟದೆ ಬಿಡುತ್ತೇವೆ. ನಿಂಬೆರಸ ಹರಿದ ಗೆರೆ ನನ್ನ ಲೇತಿನ ಉಳಿ ಹಿಡಿಯುವ ಟೂಲ್‌ಪೋಸ್ಟ್ ಮೇಲೆ ಈಗಲೂ ಇದೆ. ಪೂಜೆ ಬಿಡುವುದು ಬೇಡ. ಕುಂಕುಮವನ್ನು ಪೇಂಟ್ ಇರುವ ಕಡೆ ಹಚ್ಚಿ, ನಿಂಬೆಹಣ್ಣನ್ನು ತಟ್ಟೆಯಲ್ಲಿಡಿ, ಬೂದುಗುಂಬಳವನ್ನು ಹೊರಗೆ ರಸ್ತೆ ಬದಿಯಲ್ಲಿ ಒಡೆಯಿರಿ. ಬೈಕು ಸವಾರರು ಜಾರದ ಹಾಗೆ ಆಮೇಲೆ ಅದನ್ನೂ ಗುಡಿಸಿಬಿಡಿ.