ಸ್ಕೋರು ಊರಿನದು, ಬೆನ್ನು ಯಾರದು?

ಕ್ರಿಕೆಟ್ ಅಕಾಡೆಮಿಯ ಪ್ರವೇಶ ಅರ್ಜಿ ಆರು ಪುಟದ್ದು. ಐದನೇ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ಷರತ್ತು. ತರಬೇತಿ ವೇಳೆ ದಾಖಲಾಗುವ ಎಲ್ಲ ಡೇಟಾ ಅಕಾಡೆಮಿಯ ಸ್ವತ್ತು, ಅದನ್ನು ಯಾರಿಗೆ ಬೇಕಾದರೂ ಕೊಡುವ ಹಕ್ಕು ಅಕಾಡೆಮಿಗಿದೆ ಅಂತ. ಕೆಳಗೆ ಹುಡುಗನ ಅಪ್ಪನ ಸಹಿ. ಅವರು ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು. ಮಂಡಿಯ ಚೀಟಿಯಲ್ಲಿ ಅರ್ಧ ಕೆಜಿ ಹೆಚ್ಚುಕಮ್ಮಿಯಾದರೂ ಹಿಡಿಯುವ ಮನುಷ್ಯ, ಇಲ್ಲಿ ಓದದೆ ಸಹಿ ಹಾಕಿದ್ದರು. ಮಗನ ಕ್ರಿಕೆಟ್ಟು ಅಂದರೆ ಎಲ್ಲರೂ ಹಾಗೆಯೇ.

ಹುಡುಗನಿಗೆ ಹದಿನಾರು, ವೇಗದ ಬೌಲರ್. ಅಭ್ಯಾಸದ ಹೊತ್ತಿನಲ್ಲಿ ಬೆನ್ನಿನ ಮೇಲ್ಭಾಗಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಜಿಪಿಎಸ್ ಸಾಧನ ಕೂರಿಸಿದ ಬನಿಯನ್ ಹಾಕಿಸುತ್ತಾರೆ. ಎಷ್ಟು ಓಡಿದ, ಎಷ್ಟು ರಭಸದಿಂದ ಓಡಿದ, ಯಾವ ವಾರ ಮೈಮೇಲೆ ಎಷ್ಟು ಹೊರೆ ಬಿತ್ತು, ಎಲ್ಲ ಅದರಲ್ಲಿ ದಾಖಲು. ಹೋದ ವರ್ಷ ಬೆನ್ನುನೋವೆಂದು ಎರಡು ತಿಂಗಳು ಕೂತಿದ್ದ. ಈ ವರ್ಷ ಬೇರೊಂದು ಕ್ಲಬ್ಬಿನ ಟ್ರಯಲ್ಸಿಗೆ ಹೋದಾಗ ಅಲ್ಲಿನ ಕೋಚ್, "ನಿನ್ನ ಲೋಡ್ ನಂಬರ್ ನೋಡಿದೀವಪ್ಪ, ಬೆನ್ನು ತಡೆಯಲ್ಲ" ಅಂದುಬಿಟ್ಟರಂತೆ. ಆ ನಂಬರು ಅವರ ಕೈಗೆ ಹೋದದ್ದು ಹೇಗೆ?

"ಮೇಡಂ, ಸ್ಕೋರ್ ಆದ್ರೆ ಟೀವೀಲೇ ಬರುತ್ತೆ, ಯಾರು ಬೇಕಾದ್ರೂ ನೋಡ್ಲಿ. ಇದು ಅವನ ಬೆನ್ನಿನ ವಿಷ್ಯ ಅಲ್ವಾ?" ಎಂದರು, ಮಗನನ್ನು ಕರೆದುಕೊಂಡು ವಕೀಲೆಯಾದ ನನ್ನ ಬಳಿ ಬಂದಿದ್ದ ಅಪ್ಪ. ಕ್ರೀಡಾ ಡೇಟಾದ ಕಾನೂನನ್ನು ಇಷ್ಟು ಚೊಕ್ಕವಾಗಿ ನಮ್ಮ ವಕೀಲರ ಸೆಮಿನಾರಿನಲ್ಲೂ ಯಾರೂ ಹೇಳಿದ್ದಿಲ್ಲ.

ಸ್ಕೋರಿನ ಜಗಳ ಹಳೆಯದು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಎನ್‌ಬಿಎ, ಪೇಜರಿನಲ್ಲಿ ಸ್ಕೋರು ಕಳಿಸುತ್ತಿದ್ದ ಮೊಟೊರೊಲಾ ವಿರುದ್ಧ ಹೋಗಿ 1997ರಲ್ಲಿ ಸೋತಿತು. ನಮ್ಮಲ್ಲಿ ಅದೇ ಪ್ರಶ್ನೆ ಎಸ್‌ಎಂಎಸ್ ಕಾಲದಲ್ಲಿ ಬಂತು. ಬಿಸಿಸಿಐನಿಂದ ಹಕ್ಕು ಕೊಂಡಿದ್ದ ಸ್ಟಾರ್ ಇಂಡಿಯಾ, ಚೆಂಡು ಚೆಂಡಿನ ಸ್ಕೋರು ಕಳಿಸಿ ದುಡ್ಡು ಮಾಡುತ್ತಿದ್ದವರ ಮೇಲೆ ದೆಹಲಿ ಹೈಕೋರ್ಟಿಗೆ ಹೋಯಿತು. ಎದುರಾಳಿಗಳ ಪೈಕಿ ನಮ್ಮ ಬೆಂಗಳೂರಿನ ಕ್ರಿಕ್‌ಬಜ್, ಆನ್‌ಮೊಬೈಲ್ ಕೂಡ ಇದ್ದವು. ಹಣ ಪಡೆದು ಸ್ಕೋರು ಕಳಿಸುವವರು 15 ನಿಮಿಷ ತಡೆದು ಕಳಿಸಲಿ, ಇಲ್ಲವೇ ಲೈಸೆನ್ಸ್ ಪಡೆಯಲಿ ಎಂದು ಏಕಸದಸ್ಯ ಪೀಠ ಹೇಳಿತ್ತು. 2013ರ ಆಗಸ್ಟ್ 30ರಂದು ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಘಟನೆಗೆ ಒಡೆಯನಿಲ್ಲ, ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇಲ್ಲದ ಹಕ್ಕನ್ನು ಕೋರ್ಟು ಹೊಸದಾಗಿ ಹುಟ್ಟಿಸಲು 16ನೇ ಸೆಕ್ಷನ್ ಬಿಡುವುದಿಲ್ಲ ಎಂಬುದು ತಿರುಳು. ಸ್ಟಾರ್ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು.

ಹಾಗಂತ ಕ್ರಿಕೆಟ್ ಮಂಡಳಿಯ ಕೈ ಖಾಲಿಯೇನಲ್ಲ. ದೃಶ್ಯ ಪ್ರಸಾರಕ್ಕೆ ಅದೇ ಕಾಯ್ದೆಯ 37ನೇ ಸೆಕ್ಷನ್ನಿನ ರಕ್ಷಣೆ ಇದೆ, 25 ವರ್ಷದ್ದು. ಮೈದಾನದೊಳಗೆ ಕೂತು ಸ್ಕೋರು ರವಾನಿಸುವವನನ್ನು ಟಿಕೆಟ್ಟಿನ ಷರತ್ತು ತೋರಿಸಿ ಎಬ್ಬಿಸಬಹುದು. ಆದರೆ ಟೀವಿಯಲ್ಲಿ ಬಂದ ಸಿಕ್ಸರನ್ನು "ಸಿಕ್ಸರ್" ಎಂದು ಹೇಳಲು ಯಾರ ಅಪ್ಪಣೆಯೂ ಬೇಡ. ಆಟಗಾರರ ಹೆಸರು, ರನ್ನು, ವಿಕೆಟ್ಟಿನ ಲೆಕ್ಕಕ್ಕೂ ಹೆಚ್ಚುಕಮ್ಮಿ ಇದೇ ಗತಿ. ಡಿಜಿಟಲ್ ಆಟಗಾರ ಕಾರ್ಡುಗಳ ವ್ಯಾಜ್ಯದಲ್ಲಿ 2023ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟು, ಸಾರ್ವಜನಿಕವಾಗಿ ಸಿಗುವ ಇಂಥ ಮಾಹಿತಿಯ ಬಳಕೆಗೆ ತಡೆ ಕೊಡಲಿಲ್ಲ.

ಹೃದಯ ಬಡಿತ, ನಿದ್ದೆಯ ಗಂಟೆ, ಬೆನ್ನುಮೂಳೆಯ ಎಂಆರ್‌ಐ ಈ ಸಾಲಿಗೆ ಸೇರುವುದಿಲ್ಲ. ಅವು ಗ್ಯಾಲರಿಯಿಂದ ಯಾರಿಗೂ ಕಾಣುವುದಿಲ್ಲ. ಆದರೂ ನಾನು ನೋಡುವ ಕರಾರುಗಳಲ್ಲಿ ಲೆಕ್ಕ ತಿರುಗಾಮುರುಗಾ ಆಗಿದೆ. ಯಾರದೂ ಅಲ್ಲದ ಸ್ಕೋರಿಗೆ ನಾಲ್ಕು ಪುಟದ ಕಾವಲು, ಹುಡುಗನದೇ ಆದ ದೇಹಕ್ಕೆ ಒಂದೇ ಸಾಲು, ಅದೂ ಬಿಟ್ಟುಕೊಡುವ ಸಾಲು. ದೊಡ್ಡವರಿಗೂ ಇದರಿಂದ ಬಿಡುಗಡೆ ಇಲ್ಲ. 2023ರ ಆಗಸ್ಟ್‌ನಲ್ಲಿ ಏಷ್ಯಾ ಕಪ್‌ಗೆ ಮುಂಚೆ ಬೆಂಗಳೂರಿನ ಆಲೂರಿನಲ್ಲಿ ಶಿಬಿರ ನಡೆದಾಗ ವಿರಾಟ್ ಕೊಹ್ಲಿ ಓಟದ ದಮ್ಮು ಅಳೆಯುವ ಯೊ-ಯೊ ಪರೀಕ್ಷೆಯಲ್ಲಿ ತಮ್ಮ ಅಂಕ 17.2 ಎಂದು ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಇಂಥ ಗೋಪ್ಯ ಸಂಗತಿ ಹಾಕಬೇಡಿ ಎಂದು ಬಿಸಿಸಿಐ ಆಟಗಾರರಿಗೆ ಸೂಚಿಸಿದ್ದಾಗಿ ಪತ್ರಿಕೆಗಳಲ್ಲಿ ಬಂತು. ಓಡಿದ್ದು ಅವರ ಕಾಲು, ಏದುಸಿರು ಬಿಟ್ಟದ್ದು ಅವರ ಶ್ವಾಸಕೋಶ!

ಚನ್ನಗಿರಿಯ ಹುಡುಗನಿಗೆ ಕಾನೂನಿನಲ್ಲಿ ಏನಿದೆ? 2011ರ ಐಟಿ ನಿಯಮಗಳ ಪ್ರಕಾರ ದೈಹಿಕ ಸ್ಥಿತಿ, ವೈದ್ಯಕೀಯ ದಾಖಲೆ ಸೂಕ್ಷ್ಮ ಮಾಹಿತಿ. ಅದನ್ನು ಪಡೆಯಲು ಲಿಖಿತ ಒಪ್ಪಿಗೆ ಬೇಕು, ಮೂರನೆಯವರಿಗೆ ಕೊಡಲು ಮೊದಲೇ ಅನುಮತಿ ಬೇಕು. ಆದರೆ "ಕರಾರಿನಲ್ಲಿ ಒಪ್ಪಿದ್ದರೆ" ಆ ಅನುಮತಿ ಬೇಡ. ಐದನೇ ಪುಟದ ಇರುವೆ ಸಾಲು ಅಲ್ಲಿಗೆ ಬಂದದ್ದು ಇದಕ್ಕೇ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಇದಕ್ಕಿಂತ ಬಿಗಿ. ಹದಿನೆಂಟರೊಳಗಿನವರ ಡೇಟಾಕ್ಕೆ ಹೆತ್ತವರ ಒಪ್ಪಿಗೆಯನ್ನು ಖಾತರಿಪಡಿಸಿಕೊಳ್ಳಬೇಕು. ಮಕ್ಕಳ ಚಲನವಲನದ ಮೇಲೆ ಕಣ್ಣಿಡುವಂತಿಲ್ಲ. ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು, ಮುಖ್ಯ ಕಲಮುಗಳು ಜಾರಿಯಾಗಲು ಅಲ್ಲಿಂದ 18 ತಿಂಗಳು. ಕಣ್ಣಿಡುವ ವಿಷಯದಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಒಂದಿಷ್ಟು ವಿನಾಯಿತಿ ಉಂಟು. ಜಿಪಿಎಸ್ ಬನಿಯನ್ ಹಾಕಿಸುವ ಅಕಾಡೆಮಿಗಳು "ನಾವೂ ಶಿಕ್ಷಣ ಸಂಸ್ಥೆಯೇ" ಎಂದು ವಾದಿಸುವ ದಿನ ದೂರವಿಲ್ಲ. ವಾದ ಪೂರ್ತಿ ಬೊಗಳೆ ಎನ್ನಲಾರೆ, ಗಾಯ ತಪ್ಪಿಸಲು ಲೋಡ್ ಅಳೆಯಲೇಬೇಕು. ಆದರೆ ಅಳೆಯುವುದು ಬೇರೆ, ಅಳತೆಯನ್ನು ಪಕ್ಕದ ಕ್ಲಬ್ಬಿಗೆ ದಾಟಿಸುವುದು ಬೇರೆ.

ಆ ಸಂಜೆ ನಾನು ಅಕಾಡೆಮಿಗೆ ಬರೆದ ಪತ್ರದಲ್ಲಿ ಮೂರು ಬೇಡಿಕೆ ಇತ್ತು. ಏನೇನು ದಾಖಲಿಸಿದ್ದೀರಿ, ಯಾರಿಗೆ ಕೊಟ್ಟಿದ್ದೀರಿ ಹೇಳಿ, ಎಲ್ಲವನ್ನೂ ಅಳಿಸಿ. ಮರುವರ್ಷದ ಅರ್ಜಿಗೆ, "ಗಾಯ ತಡೆಗಟ್ಟುವ ಉದ್ದೇಶಕ್ಕೆ ಮಾತ್ರ, ಹೊರಗೆ ಕೊಡುವುದಾದರೆ ಪ್ರತಿ ಸಲವೂ ತಂದೆಯ ಲಿಖಿತ ಒಪ್ಪಿಗೆ" ಎಂದು ಪೆನ್ನಿನಲ್ಲಿ ಸೇರಿಸಲೂ ಹೇಳಿಕೊಟ್ಟೆ.

ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಹುಡುಗ ಆಗ ಬಾಯಿ ಬಿಟ್ಟ. "ಅಳಿಸಿದ್ರೆ, ಏನೋ ಮುಚ್ಚಿಡ್ತಿದಾನೆ ಅಂದ್ಕೊಳಲ್ವಾ ಮೇಡಂ? ಈಗ ಮೂರು ತಿಂಗಳಿಂದ ನನ್ನ ನಂಬರ್ ಚೆನ್ನಾಗೇ ಇದೆ."

ಮೂರನೇ ಬೇಡಿಕೆಗೆ ಅಡ್ಡಗೆರೆ ಎಳೆದು, "ಪೂರ್ತಿ ದಾಖಲೆಯ ಪ್ರತಿಯನ್ನು ನಮಗೆ ಕೊಡಿ" ಎಂದು ಬರೆದೆ.